ನಾಟುವುದು

ಉಪ್ಸಾಲಾದಲ್ಲಿ ಡಿಸೆಂಬರ್ ಅಂದರೆ
ಮೂರು ಗಂಟೆಗೇ ದೀಪ ಹಚ್ಚುವ ಊರು.
ನೆಲಮಾಳಿಗೆಯ ಇಲಿಕೋಣೆಗೆ ಅದೂ ಇಲ್ಲ;
ಅಲ್ಲಿ ಹಗಲನ್ನು ಗಡಿಯಾರವೇ ಹಚ್ಚುತ್ತದೆ, ಗಡಿಯಾರವೇ ಆರಿಸುತ್ತದೆ.

ನನ್ನ ಕೆಲಸ ಇಷ್ಟೇ:
ತಂತಿಬಲೆಯ ಮೇಲೆ ಇಲಿಯನ್ನು ಬಿಟ್ಟು,
ಅದು ಮೂಸಿ ಮೂಸಿ ಸುಮ್ಮನಾಗುವ ತನಕ ಕಾದು,
ಕೆಳಗಿನಿಂದ ಅಂಗಾಲಿಗೆ ಒಂದು ನೈಲಾನ್ ಎಳೆ ಒತ್ತುವುದು.
ಎಳೆ ಬಾಗುವಷ್ಟು, ಅಷ್ಟೇ.
ಎಡಗಾಲು ಚಕ್ಕನೆ ಮೇಲೇಳುತ್ತದೆ. ಬರೆದುಕೊಳ್ಳುತ್ತೇನೆ.
ಬಲಗಾಲು, ಇಲ್ಲ. ಬರೆದುಕೊಳ್ಳುತ್ತೇನೆ.
ಇಲ್ಲ, ಇಲ್ಲ, ಇಲ್ಲ:
ಹದಿನಾಲ್ಕು ವಾರದ ಪುಸ್ತಕ.

ಹುರಿಯಿಂದ ಬೇರು ಕಿತ್ತುಬಂದಿದೆ.
ಕಿತ್ತದ್ದು ನಾವೇ; ಅದನ್ನೂ ಬರೆದಿಟ್ಟಿದ್ದೇವೆ.
ಕಿತ್ತ ಬೇರು ಮತ್ತೆ ಬೆಳೆಯುತ್ತದೆ, ಅದೇ ಸೋಜಿಗ,
ಬೆಳೆದು ಬೆಳೆದು ಬೆನ್ನುಹುರಿಯ ಹೊಸ್ತಿಲ ತನಕ ಬಂದು
ಕರೆಯದೆ ಬಂದ ನೆಂಟನ ಹಾಗೆ
ಒಳಗೆ ಹೆಜ್ಜೆಯಿಡದೆ ಅಲ್ಲೇ ನಿಂತುಬಿಡುತ್ತದೆ.
ಒಳಗೆ ಕರೆಯಲು ಯಾರಾದರೂ ಬೇಕು.
ಅದಕ್ಕೆಂದೇ ಡಾಕ್ಟರ್ ಹೆಡ್‌ವಾಲ್ ಸೂಜಿಮೊನೆಯಲ್ಲಿ
ಎಳೆಯ ಕೋಶಗಳನ್ನು ನಾಟಿ ಮಾಡುತ್ತಾರೆ,
ಉಸಿರು ಬಿಗಿಹಿಡಿದು, ಹುರಿಯ ಅಂಚಿನಲ್ಲಿ.

ನಾಟಿದರೆ ಸಾಲದು; ನಾಟಬೇಕು.

ನನ್ನ ತಮ್ಮ ಎಸ್ಕಿಲ್ ದೋಣಿ ಕಟ್ಟುತ್ತಿದ್ದವ.
ಹಲಗೆ ನುಣುಪಾಯಿತೇ ಎಂದು ಕಣ್ಣಿಂದ ನೋಡಿದವನೇ ಅಲ್ಲ,
ಕಣ್ಣು ಮುಚ್ಚಿ ಅಂಗೈ ಎಳೆಯುತ್ತಿದ್ದ;
ತಲೆಗೂದಲಷ್ಟು ಉಬ್ಬಿದ್ದರೂ ಬೈಗುಳ ಬರುತ್ತಿತ್ತು.
ಆಮೇಲೆ ಆ ರಸ್ತೆ, ಆ ಮೋಟಾರ್‌ಸೈಕಲ್ಲು,
ಕಾಡಿನಿಂದ ಇಳಿದು ದಾರಿ ನಡುವೆ ನಿಂತ ಆ ಎಲ್ಕ್.
ಈಗ ಬೆರಳುಗಳು ಮಡಚಿಕೊಳ್ಳುತ್ತವೆ, ಲೋಟ ಹಿಡಿಯುತ್ತವೆ.
ಹಿಡಿದದ್ದು ಅವನಿಗೆ ತಿಳಿಯುವುದಿಲ್ಲ.
ನೋಡದೆ ಹೋದರೆ ಬಿಟ್ಟುಬಿಡುತ್ತವೆ.
ಮೊನ್ನೆ ಒಲೆಯ ಮೇಲೆ ಕೈ ಊರಿ ನನ್ನೊಡನೆ ಹರಟುತ್ತಿದ್ದ,
ವಾಸನೆ ಬಂದ ಮೇಲೆ ಕೇಳಿದ:
"ಏನೋ ಸೀಯುತ್ತಿದೆಯಲ್ಲ?"

ಅಂಥ ಮನೆಯಲ್ಲಿ ನೋವು ಬರಲಿ ಎಂದು ಬೇಡಿಕೊಳ್ಳುವುದು
ತಪ್ಪಲ್ಲ.

ನಲವತ್ತೇಳನೆಯದು ಸಣ್ಣ ಹೆಣ್ಣಿಲಿ. ಹೆಸರಿಡಬಾರದು, ಇಟ್ಟಿಲ್ಲ.
ಮಂಗಳವಾರ, ಕಾಫಿ ಆರಿತ್ತು, ಎಳೆ ಒತ್ತಿದೆ.
ಬಲಗಾಲು ತುಸು ತಡೆದು,
ಯಾರೋ ದೂರದಿಂದ ಕೂಗಿದ್ದು ಈಗಷ್ಟೇ ಕೇಳಿಸಿತೆಂಬಂತೆ,
ಎದ್ದಿತು.
ಇನ್ನೊಮ್ಮೆ. ಎದ್ದಿತು.
ಮೂರನೆಯ ಸಲ ಗರ್ರನೆ ತಿರುಗಿ ಎಳೆಯನ್ನೇ ಕಚ್ಚಿತು.
ಪೆನ್ನು ಹಿಡಿದೇ ಅತ್ತುಬಿಟ್ಟೆ.
ಹೌದು ಎಂಬ ಕಾಲಮ್ಮು ಪುಟದಲ್ಲಿ ಎಷ್ಟು ಅಗಲವಿತ್ತು,
ಆವತ್ತೇ ನಾನು ಕಂಡದ್ದು.

ಶುಕ್ರವಾರ ಅದರ ಸರದಿ.
ನಾಟಿದ್ದು ಎಲ್ಲಿ ಸೇರಿತೆಂದು ನೋಡಬೇಕಾದರೆ
ಹುರಿ ಹೊರಗೆ ಬರಬೇಕು, ಹಾಳೆಗಿಂತ ತೆಳ್ಳಗೆ ಹೆಚ್ಚಬೇಕು.
ಕಸಿ ಮಾಡಿದ ಕೈಯೇ ಕಸಿದುಕೊಂಡಿತು.
ಮೈಕ್ರೋಸ್ಕೋಪಿನ ಕತ್ತಲಲ್ಲಿ ಹಸಿರು ಎಳೆಗಳು,
ಹೊಸ್ತಿಲು ದಾಟಿದವು ನಾಲ್ಕಾರು, ಹೆಚ್ಚಿಲ್ಲ,
ಒಳಮನೆಯಲ್ಲಿ ದಾರಿ ಕೇಳುತ್ತ ನಿಂತಿದ್ದವು.
ಹೆಡ್‌ವಾಲ್ ಏನೂ ಅನ್ನಲಿಲ್ಲ.
ಎದ್ದು ಕುರ್ಚಿ ಬಿಟ್ಟುಕೊಟ್ಟರು, ಕೂತು ನೋಡು ಎಂದು.

ಎಸ್ಕಿಲ್‌ಗೆ ಹೇಳಲೇ?
ಇಲಿಯ ನರಕ್ಕೂ ನರನ ನರಕ್ಕೂ ನಡುವೆ
ಎಷ್ಟು ಚಳಿಗಾಲಗಳೋ, ಲೆಕ್ಕ ಯಾರ ಬಳಿಯೂ ಇಲ್ಲ.

ಆ ಸಂಜೆ ಫ್ಯೂರಿಸ್ ನದಿಯ ಸೇತುವೆಯ ಮೇಲೆ ಹಿಮ.
ಕೈಗವಸು ಬಿಟ್ಟು ಬಂದಿದ್ದ, ಬಲಗೈಯದು ಮಾತ್ರ;
ಯಾಕೆ ಬೇಕು ಅದಕ್ಕೆ, ಎನ್ನುತ್ತಾನೆ ಯಾವಾಗಲೂ.
ನನ್ನದನ್ನು ಬಿಚ್ಚಿ ತೊಡಿಸಿದೆ,
ಒಂದೊಂದೇ ಬೆರಳು ತೂರಿಸಿ, ಮಗುವಿಗೆ ತೊಡಿಸುವಂತೆ.
ತೊಡಿಸುವಾಗ ಉಗುರಿನಿಂದ ಅಂಗೈಯನ್ನು ಒಮ್ಮೆ
ಒತ್ತಿದೆ. ಎಳೆ ಬಾಗುವಷ್ಟು, ಅಷ್ಟೇ.
ಅವನು ನದಿ ನೋಡುತ್ತಿದ್ದ.

ಬರೆದುಕೊಳ್ಳಲಿಲ್ಲ.